ಚಮೋಲಿ: ಬದರಿಯ ದಾರಿಯಲ್ಲಿ ನಾವು ನೋಡದೆ ಬರುವ ಜಿಲ್ಲೆ

ಬದರಿನಾಥಕ್ಕೆ ಹೋಗಿಬಂದವರು ನಮ್ಮ ಕಡೆ ಊರೂರಿಗೂ ಸಿಗುತ್ತಾರೆ. ತಪ್ತಕುಂಡದ ಬಿಸಿನೀರಿನಲ್ಲಿ ಮಿಂದದ್ದು, ಬ್ರಹ್ಮಕಪಾಲದಲ್ಲಿ ಪಿತೃಗಳಿಗೆ ಪಿಂಡವಿಟ್ಟದ್ದು, ದಾರಿಯಲ್ಲಿ ಗುಡ್ಡ ಕುಸಿದು ಬಸ್ಸು ಗಂಟೆಗಟ್ಟಲೆ ನಿಂತದ್ದು, ಇವೆಲ್ಲವನ್ನೂ ಅವರು ಭಕ್ತಿಯಿಂದ ನೆನೆಯುತ್ತಾರೆ. ಆದರೆ ಆ ಬದರಿ ಯಾವ ಜಿಲ್ಲೆಯಲ್ಲಿದೆ, ಅಲ್ಲಿ ಯಾರು ಬದುಕುತ್ತಾರೆ, ಏನು ಬೆಳೆಯುತ್ತಾರೆ, ಆ ನೆಲ ಯಾಕೆ ಹಾಗೆ ಪದೇಪದೇ ಕುಸಿಯುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಉತ್ತರಾಖಂಡದ ಚಮೋಲಿ ಜಿಲ್ಲೆಯನ್ನು ನಾವು ದೇವಸ್ಥಾನಕ್ಕೆ ಹೋಗುವ ದಾರಿಯೆಂದಷ್ಟೇ ಬಲ್ಲೆವು. ಅದು ಸುಮಾರು ನಾಲ್ಕು ಲಕ್ಷ ಜನರ ಊರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಅಲ್ಲಿಯ ಚೆಲುವೂ ಅಲ್ಲಿಯ ಆಪತ್ತೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ಕಾಣತೊಡಗುತ್ತದೆ. ಈ ಬರಹ ಅದನ್ನು ಹೇಳುವ ಪ್ರಯತ್ನ.

ಮೊದಲು ನದಿಗಳಿಂದ ಆರಂಭಿಸಬೇಕು, ಏಕೆಂದರೆ ಈ ಜಿಲ್ಲೆಯ ನಕಾಶೆಯನ್ನು ಬರೆದವು ಅವೇ. ಸತೋಪಂತ್ ಮತ್ತು ಭಗೀರಥ ಖರಕ್ ಹಿಮನದಿಗಳ ಬುಡದಲ್ಲಿ ಹುಟ್ಟುವ ಅಲಕನಂದೆ ಮಾಣಾ ಗ್ರಾಮದ ಬಳಿ ಸರಸ್ವತಿಯನ್ನು ಕೂಡಿಕೊಂಡು, ಬದರಿಯ ಗುಡಿಯ ಕಾಲ ಬುಡದಲ್ಲೇ ಹರಿದು, ಜೋಶಿಮಠದ ಕೆಳಗೆ ವಿಷ್ಣುಪ್ರಯಾಗದಲ್ಲಿ ನೀತಿ ಕಣಿವೆಯಿಂದ ಬರುವ ಧೌಲಿಗಂಗೆಯನ್ನು ಸೇರುತ್ತದೆ. ಮುಂದೆ ನಂದಪ್ರಯಾಗದಲ್ಲಿ ನಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡಾರಿ ಬಂದು ಕೂಡುತ್ತವೆ. ಪಂಚಪ್ರಯಾಗಗಳಲ್ಲಿ ಮೂರು ಈ ಒಂದೇ ಜಿಲ್ಲೆಯಲ್ಲಿವೆ. ದೇವಪ್ರಯಾಗದಲ್ಲಿ ಭಾಗೀರಥಿಯೊಡನೆ ಕೂಡಿ ಗಂಗೆ ಎಂಬ ಹೆಸರು ಪಡೆಯುವ ನೀರಿನ ದೊಡ್ಡ ಪಾಲು ಚಮೋಲಿಯದು. ಉತ್ತರಕ್ಕೆ ಟಿಬೆಟ್ ಗಡಿ. ಪೂರ್ವದಲ್ಲಿ 7,816 ಮೀಟರ್ ಎತ್ತರದ ನಂದಾದೇವಿ ನಿಂತಿದೆ. ಪೂರ್ತಿಯಾಗಿ ಭಾರತದೊಳಗೇ ಇರುವ ಶಿಖರಗಳಲ್ಲಿ ಅತಿ ಎತ್ತರದ್ದು ಅದು. ಗಡಿಯತ್ತ 7,756 ಮೀಟರಿನ ಕಾಮೆಟ್ ಇದೆ.

ಆಡಳಿತದ ಜಿಲ್ಲೆಯಾಗಿ ಚಮೋಲಿಗೆ ವಯಸ್ಸು ಹೆಚ್ಚಲ್ಲ. ಟಿಬೆಟ್ ಗಡಿಯಲ್ಲಿ ಆತಂಕ ಹೆಚ್ಚುತ್ತಿದ್ದ ಕಾಲದಲ್ಲಿ, 1960ರ ಫೆಬ್ರುವರಿ 24ರಂದು, ಪೌಡಿ ಗಢವಾಲದಿಂದ ಬೇರ್ಪಡಿಸಿ ಇದನ್ನು ರಚಿಸಲಾಯಿತು. ಕೇದಾರನಾಥವೂ ಆಗ ಇದರಲ್ಲೇ ಇತ್ತು. 1997ರಲ್ಲಿ ರುದ್ರಪ್ರಯಾಗ ಜಿಲ್ಲೆಯಾದಾಗ ಅದು ಅತ್ತ ಹೋಯಿತು. ಆದರೆ ನೆಲದ ಇತಿಹಾಸ ಬಹಳ ಹಿಂದಕ್ಕೆ ಹೋಗುತ್ತದೆ. ಕತ್ಯೂರಿ ಅರಸರು ಜೋಶಿಮಠದ ಆಸುಪಾಸಿನಿಂದ ಆಳಿದರೆಂದು ಇತಿಹಾಸಕಾರರು ಹೇಳುತ್ತಾರೆ, ಅವರ ತಾಮ್ರಶಾಸನಗಳು ಬದರಿಯ ದಾರಿಯ ಪಾಂಡುಕೇಶ್ವರದಲ್ಲಿ ದೊರೆತಿವೆ. ಅವರ ಬಳಿಕ ಈ ಸೀಮೆ ಐವತ್ತೆರಡು ಗಢಗಳಾಗಿ, ಅಂದರೆ ಸಣ್ಣ ಸಣ್ಣ ಕೋಟೆ ಪಾಳೆಯಗಳಾಗಿ ಹಂಚಿಹೋಗಿತ್ತು. ಆದಿಬದರಿಯ ಹತ್ತಿರದ ಚಾಂದಪುರ ಗಢಿಯಿಂದ ಎದ್ದ ಪಂವಾರ ವಂಶದ ಅಜಯಪಾಲ ಅವನ್ನೆಲ್ಲ ಒಂದುಗೂಡಿಸಿ ರಾಜಧಾನಿಯನ್ನು ಶ್ರೀನಗರಕ್ಕೆ ಒಯ್ದ. ಇದು ಕಾಶ್ಮೀರದ್ದಲ್ಲ, ಅಲಕನಂದೆಯ ದಡದ ಶ್ರೀನಗರ. 1804ರಲ್ಲಿ ಗೂರ್ಖರು ಬಂದರು. 1815ರಲ್ಲಿ ಅವರನ್ನು ಸೋಲಿಸಿದ ಬ್ರಿಟಿಷರು ಅಲಕನಂದೆಯ ಪೂರ್ವದ ಸೀಮೆಯನ್ನು ತಾವಿಟ್ಟುಕೊಂಡು ಪಶ್ಚಿಮದ್ದನ್ನು ಟೆಹರಿಯ ಅರಸರಿಗೆ ಕೊಟ್ಟರು.

ಜಿಲ್ಲಾ ಕೇಂದ್ರ ಗೋಪೇಶ್ವರ. ಯಾತ್ರಿಕರ ಬಸ್ಸುಗಳು ಸಾಮಾನ್ಯವಾಗಿ ನಿಲ್ಲದ ಈ ಊರಿನಲ್ಲಿ ಗೋಪಿನಾಥನೆಂಬ ಶಿವನ ಹಳೆಯ ಗುಡಿಯಿದೆ. ಅಂಗಳದಲ್ಲಿ ಐದು ಮೀಟರಿನಷ್ಟು ಎತ್ತರದ ಲೋಹದ ತ್ರಿಶೂಲ ಬಯಲಿನಲ್ಲೇ ನಿಂತಿದೆ. ಅದರ ಮೇಲಿನ ಬರಹಗಳಲ್ಲಿ ಒಂದು, ನೇಪಾಳದ ಕಡೆಯಿಂದ ದಂಡೆತ್ತಿ ಬಂದ ಅನೇಕಮಲ್ಲನೆಂಬ ಅರಸನದು. ಶತಮಾನಗಳ ಮಳೆ ಹಿಮಗಳನ್ನು ಉಂಡರೂ ಅದು ತುಕ್ಕು ಹಿಡಿದು ಉದುರಿಲ್ಲ. ಎಷ್ಟೇ ಬಲ ಹಾಕಿ ನೂಕಿದರೂ ಅಲ್ಲಾಡದ ಈ ತ್ರಿಶೂಲ ನಿಜವಾದ ಭಕ್ತನ ಕಿರುಬೆರಳು ತಾಗಿದರೆ ನಡುಗುತ್ತದೆಂದು ಊರವರು ನಂಬುತ್ತಾರೆ. ನಾನು ಗೋಪೇಶ್ವರದಲ್ಲಿ ಉಳಿದಿದ್ದ ಮನೆಯ ಯಜಮಾನಿಯನ್ನು ದೀದಿ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ತಮ್ಮನೆಂದು ‘ಭುಲಾ’ ಎನ್ನುತ್ತಿದ್ದರು. ಆ ಮನೆಯ ಅಡುಗೆ ನನ್ನನ್ನು ಬೆರಗುಗೊಳಿಸಿತು. ಅವರು ಬಡಿಸಿದ ಮಂಡುವೆಯ ರೊಟ್ಟಿ ನಮ್ಮ ರಾಗಿಯದು, ಗಹತದ ದಾಲು ನಮ್ಮ ಹುರುಳಿಯದು, ಝಂಗೋರೆಯ ಪಾಯಸ ನಮ್ಮ ಊದಲಿನದು. ಬೆಟ್ಟದ ಓರೆಯಲ್ಲಿ ಅಂಗೈಯಗಲದ ಮೆಟ್ಟಿಲು ಗದ್ದೆಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಕಾಳುಗಳು ಇವು. ಗಂಡಸರಲ್ಲಿ ಬಹಳ ಮಂದಿ ಸೈನ್ಯಕ್ಕೋ ಬಯಲುಸೀಮೆಯ ಪಟ್ಟಣಗಳಿಗೋ ಹೋಗಿರುವುದರಿಂದ ಗದ್ದೆ, ದನ, ಸೌದೆ, ಹುಲ್ಲು ಎಲ್ಲವೂ ಹೆಂಗಸರ ಹೆಗಲ ಮೇಲಿವೆ. ಚಮೋಲಿಯ ಆಧುನಿಕ ಇತಿಹಾಸದ ಅತ್ಯಂತ ದೊಡ್ಡ ಘಟನೆ ಅರ್ಥವಾಗಬೇಕಾದರೆ ಈ ಸಂಗತಿ ತಿಳಿದಿರಬೇಕು.

ಆ ಘಟನೆ ಚಿಪ್ಕೊ, ಅಂದರೆ ಮರಗಳನ್ನು ಅಪ್ಪಿಕೊಂಡು ಕಾಡನ್ನು ಉಳಿಸುವ ಚಳವಳಿ. ಅದರ ಹಿಂದೆ ಒಂದು ಪ್ರವಾಹವಿದೆ. 1970ರ ಜುಲೈ 20ರಂದು ಅಲಕನಂದೆ ಉಕ್ಕಿ ಬೇಲಾಕುಚಿ ಎಂಬ ಹಳ್ಳಿಯನ್ನೂ ಅಲ್ಲಿದ್ದ ಬಸ್ಸುಗಳನ್ನೂ ಕೊಚ್ಚಿಕೊಂಡು ಹೋಯಿತು. ಹೊಳೆ ಹೊತ್ತುತಂದ ಹೂಳು ದೂರದ ಹರಿದ್ವಾರದಲ್ಲಿ ಗಂಗಾ ಕಾಲುವೆಯನ್ನು ಮುಚ್ಚಿತು. ಆಗ ಜಿಲ್ಲಾ ಕೇಂದ್ರವಾಗಿದ್ದ ಚಮೋಲಿ ಪಟ್ಟಣಕ್ಕೂ ಹಾನಿಯಾಗಿ ಕಚೇರಿಗಳು ಮೇಲಿನ ಗೋಪೇಶ್ವರಕ್ಕೆ ಹೋದವು. ಗೋಪೇಶ್ವರದಲ್ಲಿ ದಶೋಲಿ ಗ್ರಾಮ ಸ್ವರಾಜ್ಯ ಸಂಘವನ್ನು ಕಟ್ಟಿದ್ದ ಚಂಡೀಪ್ರಸಾದ ಭಟ್ಟರು ಮತ್ತು ಅವರ ಸಂಗಡಿಗರು ಪರಿಹಾರ ಕೆಲಸಕ್ಕೆಂದು ಊರೂರು ತಿರುಗಿದಾಗ, ಬೋಳಾದ ಗುಡ್ಡಗಳೇ ಹೆಚ್ಚು ಜಾರಿದ್ದನ್ನು ಕಂಡರು. ಮೂರು ವರ್ಷಗಳಲ್ಲಿ ಇನ್ನೊಂದು ಅನ್ಯಾಯ ಎದುರಾಯಿತು. ನೊಗ ನೇಗಿಲುಗಳಿಗೆಂದು ಸಂಘ ಕೇಳಿದ ಅಂಗು ಮರಗಳನ್ನು ಕೊಡದ ಅರಣ್ಯ ಇಲಾಖೆ, ಆಟದ ಸಾಮಾನು ತಯಾರಿಸುವ ಅಲಹಾಬಾದಿನ ಸೈಮನ್ ಕಂಪನಿಗೆ ಅದೇ ಮರಗಳನ್ನು ಕೊಟ್ಟಿತು. 1973ರ ಏಪ್ರಿಲಿನಲ್ಲಿ ಗೋಪೇಶ್ವರದ ಹತ್ತಿರದ ಮಂಡಲ್‌ನಲ್ಲಿ ಜನ ಸೇರಿ, ಕಡಿಯಲು ಬಂದವರನ್ನು ಬರಿಗೈಯಲ್ಲಿ ಹಿಂದಿರುಗಿಸಿದರು.

ನೀತಿ ಕಣಿವೆಯ ರೇಣಿ ಗ್ರಾಮದಲ್ಲಿ 1974ರ ಮಾರ್ಚ್ 26ರಂದು ನಡೆದದ್ದು ಇದಕ್ಕಿಂತ ಕಠಿಣವಾದ ಪರೀಕ್ಷೆ. ಅಲ್ಲಿಯ ಕಾಡಿನಲ್ಲಿ ಸುಮಾರು ಎರಡೂವರೆ ಸಾವಿರ ಮರಗಳನ್ನು ಹರಾಜು ಹಾಕಲಾಗಿತ್ತು. 1962ರ ಯುದ್ಧದ ನಂತರ ಸೇನೆಗೆಂದು ವಶಪಡಿಸಿಕೊಂಡ ಜಮೀನಿನ ಪರಿಹಾರವನ್ನು ಕೊಡುತ್ತೇವೆಂದು ಊರಿನ ಗಂಡಸರನ್ನೆಲ್ಲ ಅದೇ ದಿನ ಚಮೋಲಿಗೆ ಕರೆಸಿದ್ದರು. ಭಟ್ಟರನ್ನೂ ಅಧಿಕಾರಿಗಳು ಗೋಪೇಶ್ವರದಲ್ಲೇ ಉಳಿಯುವಂತೆ ಮಾಡಿದ್ದರು. ಕಡಿಯುವವರ ತಂಡ ಕಾಡಿನತ್ತ ಹೊರಟದ್ದನ್ನು ಒಬ್ಬ ಹುಡುಗಿ ಕಂಡು ಓಡಿಬಂದು ಮಹಿಳಾ ಮಂಗಲ ದಳದ ಮುಖ್ಯಸ್ಥೆ ಗೌರಾದೇವಿಗೆ ಹೇಳಿದಳು. ಹತ್ತಿರದ ಲಾತಾ ಗ್ರಾಮದಲ್ಲಿ ಹುಟ್ಟಿ, ರೇಣಿಗೆ ಸೊಸೆಯಾಗಿ ಬಂದು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿದ್ದ ಆಕೆ ಶಾಲೆ ಕಂಡವಳಲ್ಲ. ಮನೆಗಳಲ್ಲಿ ಇದ್ದ ಹೆಂಗಸರನ್ನೂ ಮಕ್ಕಳನ್ನೂ ಕೂಡಿಸಿಕೊಂಡು, ಇಪ್ಪತ್ತೇಳು ಮಂದಿಯೊಡನೆ ಕಾಡಿಗೆ ಹೋಗಿ, ಈ ಕಾಡು ನಮ್ಮ ತವರು ಮನೆ, ಇದನ್ನು ಕಡಿದರೆ ಗುಡ್ಡ ನಮ್ಮ ಮೇಲೆ ಬರುತ್ತದೆ ಎಂದು ತಿಳಿಹೇಳಿದಳು. ಬೈಗುಳವೂ ಬಂತು, ಬಂದೂಕೂ ಎದೆಗೆದುರಾಯಿತು. ಅವರು ಕದಲಲಿಲ್ಲ. ರಾತ್ರಿಯಿಡೀ ಕಾವಲು ಕೂತರು. ಬಳಿಕ ಸರ್ಕಾರ ನೇಮಿಸಿದ ಸಮಿತಿ ಆ ಹೆಂಗಸರ ಮಾತೇ ಸರಿಯೆಂದು ಒಪ್ಪಿದ್ದರಿಂದ ಆ ಜಲಾನಯನ ಪ್ರದೇಶದಲ್ಲಿ ಮರ ಕಡಿಯುವುದು ನಿಂತಿತು.

ಕನ್ನಡಿಗರಿಗೆ ಈ ಊರು ಪರಕೀಯವಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡಾಗ, ಅವರ ಕಣ್ಣ ಮುಂದೆ ಇದ್ದದ್ದು ಚಮೋಲಿಯ ಹೆಂಗಸರೇ. ಉತ್ತರ ಕನ್ನಡದ ಅಪ್ಪಿಕೊ ಚಳವಳಿ ರೇಣಿಯ ಮಗಳು ಎಂದರೆ ಉತ್ಪ್ರೇಕ್ಷೆಯಾಗದು. ಬದರಿಯ ನಂಟಂತೂ ಇನ್ನೂ ಹಳೆಯದು. ಶೃಂಗೇರಿಯೊಡನೆ ಎಣಿಸುವ, ಶಂಕರಾಚಾರ್ಯರ ಪರಂಪರೆಯ ನಾಲ್ಕು ಆಮ್ನಾಯ ಪೀಠಗಳಲ್ಲಿ ಉತ್ತರದ್ದು ಜೋಶಿಮಠದ ಜ್ಯೋತಿರ್ಮಠ. ಮಧ್ವಾಚಾರ್ಯರು ಉಡುಪಿಯಿಂದ ಬದರಿಗೆ ಯಾತ್ರೆ ಮಾಡಿದ್ದಲ್ಲದೆ, ಕೊನೆಗೆ ಅನಂತೇಶ್ವರನ ಸನ್ನಿಧಿಯಿಂದ ಅದೃಶ್ಯರಾಗಿ ಬದರಿಗೇ ತೆರಳಿದರೆಂದು ನಂಬಿ, ಮಾಘ ಶುದ್ಧ ನವಮಿಯನ್ನು ಇಂದಿಗೂ ಮಧ್ವನವಮಿಯಾಗಿ ಆಚರಿಸುತ್ತಾರೆ.

ಗೌರಾದೇವಿ ಆಡಿದ ತವರಿನ ಮಾತು ಸುಮ್ಮನೆ ಬಂದದ್ದಲ್ಲ. ಚಮೋಲಿಯ ಜನರಿಗೆ ನಂದಾದೇವಿ ಶಿಖರವೂ ಹೌದು, ಮನೆಮಗಳೂ ಹೌದು. ಕೈಲಾಸದ ಶಿವನಿಗೆ ಮದುವೆಯಾಗಿ ಹೋದ ಅವಳು ಭಾದ್ರಪದದ ನಂದಾಷ್ಟಮಿಯ ಹೊತ್ತಿಗೆ ತವರಿಗೆ ಬರುತ್ತಾಳೆ. ಅವಳನ್ನು ಗಂಡನ ಮನೆಗೆ ಕಳಿಸಿಕೊಡುವುದೇ ನಂದಾ ಜಾತ್ರೆ. ಅದೇ ಭಾದ್ರಪದದಲ್ಲಿ ಗೌರಿಯನ್ನು ತವರಿಗೆ ಕರೆದು ಬಾಗಿನ ಕೊಡುವ ನಮಗೆ ಇದನ್ನು ವಿವರಿಸಬೇಕಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಎಂಬ ರೂಢಿಯ ರಾಜಜಾತ್ ನೌಟಿ ಗ್ರಾಮದಿಂದ ಹೊರಟು, ಮೂರು ವಾರದ ಹತ್ತಿರ ಕಾಲ್ನಡಿಗೆಯಲ್ಲಿ ಸುಮಾರು 280 ಕಿಲೋಮೀಟರ್ ಸಾಗಿ, ತ್ರಿಶೂಲ ಪರ್ವತದ ಅಡಿಯ ಹೋಮಕುಂಡವನ್ನು ಮುಟ್ಟುತ್ತದೆ. ನಾಲ್ಕು ಕೊಂಬಿನ ಟಗರು ಮುಂದೆ ನಡೆಯುತ್ತದೆ. ದೇವಿಗೆ ಕೊಡುವ ಸೀರೆ, ಬಳೆ, ತಿಂಡಿಗಳ ಗಂಟನ್ನು ಅದರ ಬೆನ್ನಿಗೆ ಕಟ್ಟಿ ಅಲ್ಲಿ ಬಿಟ್ಟುಬಿಡುತ್ತಾರೆ. ಅದು ಒಂಟಿಯಾಗಿ ಹಿಮದತ್ತ ಹೋಗುತ್ತದೆ. ದಾರಿಯ ಊರುಗಳಲ್ಲಿ ಹೆಂಗಸರು ಸ್ವಂತ ಮಗಳನ್ನು ಕಳಿಸುವಾಗ ಅಳುವಂತೆಯೇ ಅಳುತ್ತಾರೆ. 2000 ಮತ್ತು 2014ರಲ್ಲಿ ಈ ಯಾತ್ರೆ ನಡೆಯಿತು.

ಅದೇ ದಾರಿಯಲ್ಲಿ ಐದು ಸಾವಿರ ಮೀಟರಿನಷ್ಟು ಎತ್ತರದಲ್ಲಿ ರೂಪಕುಂಡವಿದೆ. 1942ರಲ್ಲಿ ಒಬ್ಬ ಅರಣ್ಯಾಧಿಕಾರಿ ಆ ಕೊಳದ ಸುತ್ತ ನೂರಾರು ಮನುಷ್ಯರ ಎಲುಬುಗಳನ್ನು ಕಂಡರು. ಯಾತ್ರೆಯ ನಿಯಮ ಮೀರಿದ ಕನೌಜದ ರಾಜನ ಪರಿವಾರವನ್ನು ದೇವಿ ಆಲಿಕಲ್ಲಿನ ಮಳೆಯಿಂದ ಕೊಂದಳೆಂದು ಜನಪದ ಹೇಳುತ್ತದೆ. 2019ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನ 38 ಮಂದಿಯ ಎಲುಬುಗಳನ್ನು ಪರೀಕ್ಷಿಸಿ, ಅವರೆಲ್ಲ ಒಂದೇ ದಿನ ಸತ್ತವರಲ್ಲವೆಂದು ತೋರಿಸಿತು. ಭಾರತ ಉಪಖಂಡದ ಜನ ಸತ್ತದ್ದು ಕ್ರಿಸ್ತಶಕ 800ರ ಸುಮಾರಿಗೆ. ಇನ್ನು 14 ಮಂದಿ ಪೂರ್ವ ಮೆಡಿಟರೇನಿಯನ್ ಮೂಲದವರು, ಸತ್ತದ್ದು 1800ರ ಸುಮಾರಿಗೆ. ಅವರು ಈ ಕೊಳದ ಬಳಿಗೆ ಯಾಕೆ ಬಂದರೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಪ್ರವಾಸಿಗರಿಗೆ ಪರಿಚಿತವಾದ ಹೂವಿನ ಕಣಿವೆಯ ಬಗ್ಗೆ ನನಗೊಂದು ತಕರಾರಿದೆ. 1931ರಲ್ಲಿ ಕಾಮೆಟ್ ಶಿಖರವನ್ನು ಏರಿ ಇಳಿಯುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಮತ್ತು ಸಂಗಡಿಗರು ಭ್ಯೂಂಡಾರ್ ಕಣಿವೆಗೆ ಬಂದು ಅಲ್ಲಿಯ ಹೂವುಗಳಿಗೆ ಮನಸೋತದ್ದು ನಿಜ. ಆದರೆ ಅವರೇ ಅದನ್ನು ಕಂಡುಹಿಡಿದರೆಂದು ಬರೆಯುವುದು ಸರಿಯಲ್ಲ. ಭ್ಯೂಂಡಾರ್ ಗ್ರಾಮದ ಜನ ಅದಕ್ಕೂ ಮೊದಲಿನಿಂದ ಅಲ್ಲಿ ಕುರಿ ಮೇಯಿಸುತ್ತಿದ್ದರು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಮೇಯಿಸುವುದು ನಿಂತಿತು. ಮಂದೆಯಿಲ್ಲದ ಮೇಲೆ ಆಳೆತ್ತರದ ಅಮೇಲಾ ಗಿಡ ಹಬ್ಬಿಕೊಂಡು ಸಣ್ಣ ಹೂಗಿಡಗಳನ್ನು ಮುಚ್ಚುತ್ತಿದೆಯೆಂಬ ವಾದ ಬಹುಕಾಲದಿಂದ ನಡೆದಿದೆ, ಅರಣ್ಯ ಇಲಾಖೆ ಈಗ ಅದನ್ನು ಕೀಳಿಸುತ್ತದೆ. ಅದೇ ವರ್ಷ ನಂದಾದೇವಿಯ ಒಳಾಂಗಣವೂ ಮುಚ್ಚಲ್ಪಟ್ಟಿತು. ಸುತ್ತ ಶಿಖರಗಳ ಗೋಡೆಯಿದ್ದು ಋಷಿಗಂಗೆಯ ಕಡಿದಾದ ಕಮರಿಯೊಂದೇ ಬಾಗಿಲಾಗಿರುವ ಆ ಜಾಗವನ್ನು 1934ರಲ್ಲಿ ಪರ್ವತಾರೋಹಿಗಳಾದ ಶಿಪ್ಟನ್ ಮತ್ತು ಟಿಲ್ಮನ್ ಹೊಕ್ಕರು. 1936ರಲ್ಲಿ ಟಿಲ್ಮನ್ ಮತ್ತು ಓಡೆಲ್ ಶಿಖರ ಮುಟ್ಟಿದರು. 1965ರಲ್ಲಿ ಚೀನಾದ ಅಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಮತ್ತು ಭಾರತದ ಗುಪ್ತಚರ ಸಂಸ್ಥೆಗಳು ಪ್ಲುಟೋನಿಯಂ ಶಕ್ತಿಯ ಉಪಕರಣವೊಂದನ್ನು ಅಲ್ಲಿಗೆ ಹೊರಿಸಿ, ಹವೆ ಕೆಟ್ಟಿದ್ದರಿಂದ ನಡುದಾರಿಯಲ್ಲೇ ಬಿಟ್ಟು ಬಂದವು. ಅದು ಮತ್ತೆ ಸಿಗಲಿಲ್ಲ. ಕಾಡನ್ನು ಉಳಿಸಿದ ರೇಣಿ ಮತ್ತು ಲಾತಾದ ಜನರಿಗೇ ಉದ್ಯಾನದ ಹೆಸರಿನಲ್ಲಿ ಹುಲ್ಲುಗಾವಲು ತಪ್ಪಿತು, ಪರ್ವತಾರೋಹಿಗಳ ಹೊರೆ ಹೊತ್ತು ಸಿಗುತ್ತಿದ್ದ ಕೂಲಿಯೂ ತಪ್ಪಿತು. ಈ ಎರಡೂ ಉದ್ಯಾನಗಳು ಸೇರಿರುವ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯ ಬಗ್ಗೆ ಹೆಮ್ಮೆಪಡುವಾಗ ಈ ನಷ್ಟವನ್ನು ಹೇಳದೆ ಬಿಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಇನ್ನು ನೆಲದ ವಿಷಯ. ಭಾರತದ ಭೂಫಲಕ ಉತ್ತರಕ್ಕೆ ನೂಕುತ್ತಿರುವುದರಿಂದಲೇ ಈ ಪರ್ವತಗಳು ಎದ್ದವು, ಅದರಿಂದಲೇ ಇವು ಅಲುಗುತ್ತವೆ. ಒಂದರ ಮೇಲೊಂದು ಬಂಡೆಪದರ ಹತ್ತಿ ಕೂತಿರುವ ಮುಖ್ಯ ಬಿರುಕುವಲಯ ಜೋಶಿಮಠಕ್ಕಿಂತ ಸ್ವಲ್ಪ ಕೆಳಗೆ, ಹೇಲಂಗ್ ಬಳಿ ಹಾದುಹೋಗುತ್ತದೆ. ಬದರಿಯ ಬಿಸಿನೀರಿನ ಕುಂಡ, ಕಡಿದಾದ ಕಮರಿಗಳು, ಧುಮುಕುವ ಜಲಪಾತಗಳು ಯಾವ ಭೂಚಲನೆಯ ಕೊಡುಗೆಯೋ, 1999ರ ಮಾರ್ಚ್ 29ರ ಭೂಕಂಪವೂ ಅದರದೇ. ಜೋಶಿಮಠದ ಪಟ್ಟಣ ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಿಂದೆಂದೋ ಕುಸಿದ ಗುಡ್ಡದ ಮಣ್ಣುಕಲ್ಲುಗಳ ರಾಶಿಯ ಮೇಲೆ. ಬುಡದ ಬಂಡೆಗಳನ್ನು ಕೀಳಬೇಡಿ, ಸಿಡಿಮದ್ದು ಹಾಕಬೇಡಿ, ಭಾರೀ ಕಟ್ಟಡ ಕಟ್ಟಬೇಡಿ, ಮರ ನೆಡಿ ಎಂದು 1976ರಲ್ಲೇ ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ ಹೇಳಿತ್ತು. 2023ರ ಜನವರಿಯಲ್ಲಿ ಅಲ್ಲಿಯ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟು ನೂರಾರು ಕುಟುಂಬಗಳು ಮನೆ ಬಿಡಬೇಕಾಯಿತು. ಜೋಶಿಮಠದ ನರಸಿಂಹ ಮೂರ್ತಿಯ ಎಡಗೈ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ, ಅದು ಕಳಚಿದ ದಿನ ನರ ನಾರಾಯಣ ಪರ್ವತಗಳು ಕೂಡಿಕೊಂಡು ಬದರಿಯ ದಾರಿ ಮುಚ್ಚುತ್ತದೆ, ಆಮೇಲೆ ಪೂಜೆ ತಪೋವನದಾಚೆಯ ಭವಿಷ್ಯಬದರಿಯಲ್ಲಿ ಎಂಬ ಐತಿಹ್ಯವಿದೆ. ತಮ್ಮ ಕಾಲ ಕೆಳಗಿನ ನೆಲ ಎಂಥದ್ದೆಂದು ಅದನ್ನು ಕಟ್ಟಿದ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದಿರಬೇಕು.

ಈ ಜಿಲ್ಲೆಯ ಎರಡು ಪ್ರವಾಹಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂದು ನಾನು ಬಯಸುತ್ತೇನೆ. 1893ರ ಸೆಪ್ಟೆಂಬರಿನಲ್ಲಿ ಗೋಹ್ನಾ ಎಂಬಲ್ಲಿ ಇಡೀ ಗುಡ್ಡವೇ ಬಿರಹಿಗಂಗೆಗೆ ಅಡ್ಡ ಬಿದ್ದು, ಇನ್ನೂರೈವತ್ತು ಮೀಟರಿಗೂ ಮೀರಿದ ಎತ್ತರದ ಒಡ್ಡಾಯಿತು. ಅದರ ಹಿಂದೆ ನೀರು ತುಂಬತೊಡಗಿತು. ಮುಂದಿನ ಮಳೆಗಾಲದಲ್ಲಿ ಅದು ಒಡೆಯುತ್ತದೆಂದು ಲೆಕ್ಕ ಹಾಕಿದ ಎಂಜಿನಿಯರುಗಳು ಗೋಹ್ನಾದಿಂದ ಹರಿದ್ವಾರದವರೆಗೆ ತಂತಿ ಎಳೆಸಿ, ನೀರು ಎಲ್ಲಿಯವರೆಗೆ ಏರಬಹುದೆಂದು ದಡದುದ್ದಕ್ಕೂ ಗುರುತುಕಂಬಗಳನ್ನು ನೆಡಿಸಿ, ತೂಗುಸೇತುವೆಗಳನ್ನು ಮೊದಲೇ ಬಿಚ್ಚಿಸಿದರು. 1894ರ ಆಗಸ್ಟ್ 25ರ ರಾತ್ರಿ ಒಡ್ಡು ಒಡೆಯಿತು. ಶ್ರೀನಗರ ಪಟ್ಟಣ ನೆಲಸಮವಾಯಿತು. ಜೀವ ಹೋದದ್ದು ಐದು ಮಂದಿಯದು ಮಾತ್ರ. ಎಚ್ಚರಿಕೆ ಕೊಟ್ಟು ಹೊರಗೆ ಕಳಿಸಿದ ಮೇಲೂ ಒಡ್ಡಿನ ಹತ್ತಿರಕ್ಕೆ ಮರಳಿದ್ದ ಒಬ್ಬ ಫಕೀರನ ಕುಟುಂಬ ಅದು.

2021ರ ಫೆಬ್ರುವರಿ 7ರ ಬೆಳಿಗ್ಗೆ ರೋಂಟಿ ಶಿಖರದ ಬಂಡೆ ಮತ್ತು ಹಿಮದ ಭಾರೀ ಹೋಳೊಂದು ಕಳಚಿಬಿದ್ದು, ಋಷಿಗಂಗೆ ಮತ್ತು ಧೌಲಿಗಂಗೆಗಳಲ್ಲಿ ಕೆಸರು ಬಂಡೆಗಳ ಗೋಡೆಯಾಗಿ ನುಗ್ಗಿತು. ರೇಣಿಯ ಬಳಿಯ ಸಣ್ಣ ವಿದ್ಯುದಾಗಾರ ಹೆಸರಿಲ್ಲದಂತಾಯಿತು; ತಪೋವನದಲ್ಲಿ ಕಟ್ಟುತ್ತಿದ್ದ 520 ಮೆಗಾವಾಟ್ ಯೋಜನೆಯ ಸುರಂಗ ಕೆಸರಿನಿಂದ ತುಂಬಿತು. ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಕೆಲಸಗಾರರು. ಮೇಲಿನ ಊರಿನವರು ಕೂಗಿ ಹೇಳಿದ್ದನ್ನು ಬಿಟ್ಟರೆ ಕೆಳಗೆ ದುಡಿಯುತ್ತಿದ್ದವರಿಗೆ ಎಚ್ಚರಿಕೆ ಕೊಡುವ ಏರ್ಪಾಡು ಇರಲಿಲ್ಲ. ಗೋಹ್ನಾದಲ್ಲಿ ತಯಾರಾಗಲು ತಿಂಗಳುಗಳಿದ್ದವು, ಇಲ್ಲಿ ನಿಮಿಷಗಳಷ್ಟೇ ಇದ್ದವು ಎಂಬುದು ನಿಜ. ಆದರೂ ಆ ನಿಮಿಷಗಳಲ್ಲಿ ಒಂದು ಸೈರನ್ ಮೊಳಗಿದ್ದರೆ ಎಷ್ಟೋ ಮಂದಿ ಮೇಲಕ್ಕೆ ಓಡಿ ಉಳಿಯುತ್ತಿದ್ದರು ಎಂದು ನೆನೆದಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ರೇಣಿಯ ಕೆಳಗಿನ ದಡ ಕೊರೆದುಹೋಗಿ ಊರೇ ಜಾರುವ ಸ್ಥಿತಿಗೆ ಬಂತು. ಅದೇ ವರ್ಷದ ಜೂನ್ ತಿಂಗಳಲ್ಲಿ ರಸ್ತೆ ಕುಸಿದಾಗ ಗೌರಾದೇವಿಯ ಪ್ರತಿಮೆಯನ್ನೂ ಅಲ್ಲಿಂದ ತೆಗೆದು ಸಾಗಿಸಬೇಕಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಚಮೋಲಿಗೆ ಹೋಗಬೇಡಿ ಎಂದು ನಾನು ಹೇಳಲಾರೆ. ಅಲ್ಲಿಯ ಬಹಳ ಮನೆಗಳ ಒಲೆ ಉರಿಯುವುದು ಯಾತ್ರೆಯ ಆರು ತಿಂಗಳ ದುಡಿಮೆಯಿಂದ. ಹೋಗುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಹೂವಿನ ಕಣಿವೆ ಚೆನ್ನಾಗಿ ಅರಳುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಆದರೆ ರಸ್ತೆಗಳು ಹೆಚ್ಚು ಕುಸಿಯುವುದೂ ಆಗಲೇ. ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳದೆ ಹೊರಡಬಾರದು. ಗೋವಿಂದಘಾಟಿನಿಂದ ಘಾಂಘರಿಯಾಕ್ಕೆ ಹೋದವರು ಹೇಮಕುಂಡ ಸಾಹಿಬಿನ ಏರನ್ನೂ ಹತ್ತುವುದು ರೂಢಿ. ಸಿಖ್ಖರಿಗೆ ಗುರು ಗೋವಿಂದಸಿಂಗರ ಪೂರ್ವಜನ್ಮದ ತಪೋಭೂಮಿಯಾದ ಆ ಸರೋವರದ ದಡದಲ್ಲೇ ಲಕ್ಷ್ಮಣನ ಗುಡಿಯೂ ಇದೆ. ಔಲಿಯ ಹಿಮದ ಇಳಿಜಾರುಗಳನ್ನು ನೋಡುವವರು ಚಳಿಗಾಲದಲ್ಲಿ ಹೋಗಬೇಕು. ಬದರಿಯಿಂದ ಮೂರು ಕಿಲೋಮೀಟರ್ ದೂರದ ಮಾಣಾದಲ್ಲಿ ವ್ಯಾಸಗುಹೆ, ಭೀಮಸೇತುವೆಗಳನ್ನು ನೋಡಿ ಓಡಿಬರುವ ಬದಲು ಮನೆಯ ಮುಂದೆ ಕೂತು ಉಣ್ಣೆಯ ಟೋಪಿ ಹೆಣೆಯುವ ಭೋಟಿಯಾ ಅಜ್ಜಿಯರನ್ನು ಮಾತಾಡಿಸಿ, ಅವರು ಹೆಣೆದದ್ದನ್ನು ಚೌಕಾಸಿ ಮಾಡದೆ ಕೊಳ್ಳಿ. ಮಾಣಾ ಮತ್ತು ನೀತಿ ಘಾಟುಗಳನ್ನು ದಾಟಿ ಟಿಬೆಟಿನೊಡನೆ ಉಪ್ಪು, ಉಣ್ಣೆ, ಧಾನ್ಯಗಳ ವ್ಯಾಪಾರ ಮಾಡುತ್ತಿದ್ದ ಜನ ಅವರು. 1962ರ ಯುದ್ಧದಿಂದ ಆ ದಾರಿ ಮುಚ್ಚಿತು. ಚಳಿ ಬಂದಾಗ ಇಡೀ ಊರು ಕೆಳಗಿನ ಹಳ್ಳಿಗಳಿಗೆ ಇಳಿಯುತ್ತದೆ, ದೇವರ ಉತ್ಸವಮೂರ್ತಿಯೂ ಪಾಂಡುಕೇಶ್ವರಕ್ಕೆ ಬರುತ್ತದೆ.

ಕೇದಾರದಿಂದ ಬದರಿಗೆ ಹೋಗುವ ಅನೇಕ ವಾಹನಗಳು ಊಖಿಮಠ, ಚೋಪ್ತಾ ಮಾರ್ಗವಾಗಿ ದಟ್ಟ ಕಾಡಿನ ನಡುವೆ ಇಳಿದು ಗೋಪೇಶ್ವರಕ್ಕೆ ಬರುತ್ತವೆ. ಆ ದಾರಿಯಲ್ಲೇ ಮಂಡಲ್ ಇದೆ. ಅಲ್ಲಿಂದ ಐದು ಕಿಲೋಮೀಟರಿನಷ್ಟು ನಡೆದರೆ ದತ್ತಾತ್ರೇಯನ ತಾಯಿ ಅನಸೂಯೆಯ ಗುಡಿ ಸಿಗುತ್ತದೆ. ಗಾಣಗಾಪುರಕ್ಕೆ ನಡೆದುಕೊಳ್ಳುವ ಮನೆಗಳವರಿಗೆ ಇದು ವಿಶೇಷವಾಗಿ ಹಿಡಿಸುತ್ತದೆ. ರುದ್ರನಾಥದ ಶಿವನ ಗುಡಿಗೆ ಹೋಗುವ ಗಟ್ಟಿಗರು ಅಲ್ಲಿಂದಲೂ ಮೇಲಕ್ಕೆ ಹತ್ತುತ್ತಾರೆ. ಬಸ್ಸು ಗೊತ್ತು ಮಾಡುವಾಗಲೇ ಮಂಡಲ್‌ನಲ್ಲಿ ಒಂದು ಹಗಲು, ಗೋಪೇಶ್ವರದಲ್ಲಿ ಒಂದು ರಾತ್ರಿ ಎಂದು ಸೇರಿಸಿ ಹೇಳಿಬಿಡಿ. ದಾರಿಯಲ್ಲಿ ಕೇಳಿದರೆ ಚಾಲಕರು ನಿಲ್ಲಿಸಲು ಒಪ್ಪುವುದು ಕಷ್ಟ.